ಸೋತ ಮೇಲಿನ ಮಾತು

ಗೆದ್ದವರ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಎಲ್ಲರೂ ಒಟ್ಟಿಗೆ ಕೂಗುತ್ತಿರುತ್ತಾರೆ. ಸೋತವರ ಮನೆಯಲ್ಲಿ ಹಾಗಲ್ಲ. ಮೊದಲು ಮೌನ, ಆಮೇಲೆ ಒಂದು ನಿಟ್ಟುಸಿರು, ಅದಾದ ಮೇಲೆ ಯಾರೋ ಒಬ್ಬರು ಮೆಲ್ಲನೆ ಬಾಯಿ ತೆರೆಯುತ್ತಾರೆ. ಒಮ್ಮೆ ಬಾಯಿ ತೆರೆದರೋ, ಮಾರನೆಯ ಬೆಳಗಿನ ಕಾಫಿಯವರೆಗೂ ಆ ಮಾತಿಗೆ ಕೊನೆಯಿಲ್ಲ. ಅಂಥ ಒಂದು ರಾತ್ರಿಯ ಮಾತುಕತೆಯನ್ನು ವಾಚಕರ ಮುಂದಿಡೋಣವೆಂದು ನಾವು ಲೇಖನಿ ಹಿಡಿದಿದ್ದೇವೆ.

ಅಂದು 2025ರ ಏಪ್ರಿಲ್ 12, ಶನಿವಾರ. ಹಿಂದಿನ ಸಂಜೆಯಷ್ಟೇ ದೆಹಲಿಯ ಸುತ್ತುಮುತ್ತೆಲ್ಲ ಧೂಳಿನ ಬಿರುಗಾಳಿ ಬೀಸಿತ್ತು. ಬಾಲ್ಕನಿಯಲ್ಲಿ ಒಣಹಾಕಿದ್ದ ಬಟ್ಟೆಗಳೆಲ್ಲ ಮತ್ತೊಮ್ಮೆ ನೀರು ಕಾಣಬೇಕಾಗಿ ಬಂದು, ಗುರುಗ್ರಾಮದ ಗೃಹಿಣಿಯರು ಆ ಬೆಳಗ್ಗೆ ಅಷ್ಟೇನೂ ಪ್ರಸನ್ನರಾಗಿರಲಿಲ್ಲ. ಇಲ್ಲಿಯವರಿಗೆ ಅಂದು ಹನುಮ ಜಯಂತಿ. ಬೀದಿ ಬೀದಿಗೂ ಶಾಮಿಯಾನ ಹಾಕಿ ಪೂರಿ, ಬೂಂದಿ ಹಂಚುತ್ತಿದ್ದರು. ನಮ್ಮ ಕಡೆ ಹನುಮ ಜಯಂತಿ ಬರುವುದು ಮಾರ್ಗಶಿರದಲ್ಲಿ. ಆದರೆ ಪ್ರಸಾದಕ್ಕೆ ಪಂಚಾಂಗಭೇದವುಂಟೆ? ಎರಡು ದೊನ್ನೆ ಬೂಂದಿ ಕೈಲಿ ಹಿಡಿದುಕೊಂಡೇ ನಾವು ಸಂಘದ ಸದಸ್ಯರೊಬ್ಬರ ಮನೆಗೆ ಹೋದೆವು. ಸೊಹ್ನಾ ರಸ್ತೆಯ ಕಡೆಗೆ, ಏಳನೆಯ ಅಂತಸ್ತಿನಲ್ಲಿರುವ ಮನೆ ಅದು. ಅಂದು ರಾತ್ರಿ ಏಳೂವರೆಗೆ ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ. ಒಂದು ಕಡೆ ಬೆಂಗಳೂರು ಎಫ್‌ಸಿ, ಇನ್ನೊಂದು ಕಡೆ ಮೋಹನ್ ಬಾಗಾನ್.

ಗುರುಗ್ರಾಮದಲ್ಲಿ ಕುಳಿತು ಬೆಂಗಳೂರಿನ ಕಾಲ್ಚೆಂಡಿನ ತಂಡಕ್ಕಾಗಿ ತಲೆ ಕೆಡಿಸಿಕೊಳ್ಳುವುದೇಕೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳಿಯಾರು. ಕ್ರಿಕೆಟ್ಟಾದರೋ ಎಲ್ಲರ ಆಸ್ತಿ. ಇಲ್ಲಿನ ನೆರೆಹೊರೆಯವರೂ ನಮ್ಮ ದ್ರಾವಿಡ್, ಕುಂಬ್ಳೆಯವರನ್ನು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ. ಆದರೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ‘ಬೆಂಗಳೂರು’ ಎಂಬುದು ಬೇಸಗೆ ರಜೆಯ ಅಜ್ಜಿಮನೆಗಿಂತ ಹೆಚ್ಚಿನದೇನೋ ಆದದ್ದು ಈ ನೀಲಿ ಅಂಗಿಯ ತಂಡದಿಂದ. ಶಾಲೆಯಲ್ಲಿ ‘ನಿನ್ನದು ಯಾವ ಊರು?’ ಎಂದರೆ ಥಟ್ಟನೆ ಉತ್ತರ ಬರುತ್ತದೆ. ಅಷ್ಟು ಸಾಲದೆ?

ಮನೆಯಲ್ಲಿ ನಾವು ಹದಿನಾಲ್ಕು ಜನ ಸೇರಿದ್ದೆವು. ಪುಳಿಯೋಗರೆ, ಹೆಸರುಬೇಳೆ ಕೋಸಂಬರಿ, ಮಜ್ಜಿಗೆ ಸಿದ್ಧವಾಗಿದ್ದವು. ಗೆದ್ದರೆ ಹಂಚಲೆಂದು ಒಂದು ಡಬ್ಬಿ ಮೈಸೂರುಪಾಕನ್ನು ಮೇಲಿನ ಕಪಾಟಿನಲ್ಲಿ ಬಚ್ಚಿಟ್ಟದ್ದೂ ನಮಗೆ ಗೊತ್ತಿತ್ತು. ಆತಿಥೇಯರ ತಂದೆಯವರು ಎಂಬತ್ತು ದಾಟಿದವರು, ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಬೆಳೆದವರು. ಅವರು ಒರಗುಕುರ್ಚಿಯಲ್ಲಿ ಕುಳಿತಿದ್ದರು. ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗಳು, ಶಾಲೆಯ ತಂಡದಲ್ಲಿ ಹಿಂಬದಿಯ ಕಾವಲಿಗೆ ನಿಲ್ಲುವವಳು, ಅವರ ಕಾಲ ಬಳಿ ನೋಟುಪುಸ್ತಕ ಹಿಡಿದು ಕುಳಿತಿದ್ದಳು. ಎಂಟನೆಯ ಅಂತಸ್ತಿನಲ್ಲಿ, ನಮ್ಮ ನೆತ್ತಿಯ ಮೇಲೆಯೇ, ಒಂದು ಬಂಗಾಳಿ ಸಂಸಾರ. ಅವರಲ್ಲಿಯೂ ಅಂದು ಜನ ಸೇರಿದ್ದರು. ಗೋಡೆಗೆ ಕಿವಿಯಿರುತ್ತದೆಂದು ಕೇಳಿದ್ದೆವು. ಸೂರಿಗೆ ಕಾಲಿರುತ್ತದೆಂಬುದು ಅಂದೇ ತಿಳಿದದ್ದು!

ನಮ್ಮ ನಿರೀಕ್ಷೆ ಬರಿಯ ಆಸೆಯಾಗಿರಲಿಲ್ಲ. ಲೀಗಿನಲ್ಲಿ ಬೆಂಗಳೂರು ಮೂರನೆಯ ಸ್ಥಾನದಲ್ಲಿ ನಿಂತಿತ್ತು. ಮಾರ್ಚ್ 29ರಂದು ಕಂಠೀರವ ಕ್ರೀಡಾಂಗಣದಲ್ಲಿ ಮುಂಬಯಿಯನ್ನು 5-0 ಗೋಲುಗಳಿಂದ ಮಣಿಸಿತ್ತು. ಸೆಮಿಫೈನಲಿನ ಮೊದಲ ಪಂದ್ಯದಲ್ಲಿ ಗೋವಾ ತಂಡದ ಮೇಲೆ 2-0. ಎರಡನೆಯ ಪಂದ್ಯ ಏಪ್ರಿಲ್ 6ರಂದು ಗೋವಾದಲ್ಲಿ. ಅಲ್ಲಿ ಗೋವಾದವರು ಎರಡು ಗೋಲು ಹೊಡೆದು ಲೆಕ್ಕವನ್ನು ಸಮ ಮಾಡಿದರು. ಇನ್ನೇನು ಹೆಚ್ಚುವರಿ ಆಟ ಎನ್ನುವಾಗ, ತೊಂಬತ್ತು ನಿಮಿಷ ಕಳೆದ ಮೇಲೆ, ನಲವತ್ತು ವರ್ಷದ ಸುನಿಲ್ ಛೇತ್ರಿ ಗೋಲು ಹೊಡೆದು ತಂಡವನ್ನು ದಡ ಸೇರಿಸಿದರು. ಅಂದು ಇದೇ ಮನೆಯಲ್ಲಿ ನಾವು ಹಾಕಿದ ಕೂಗಿಗೆ ಕೆಳಗಿನಿಂದ ಕಾವಲುಗಾರ ಬಂದು ಬಾಗಿಲು ತಟ್ಟಿದ್ದ.

ಇನ್ನು ಅಂತಿಮ ಪಂದ್ಯದ ಕಥೆ. ಮೊದಲರ್ಧದಲ್ಲಿ ಗೋಲಿಲ್ಲ. ವಿರಾಮದ ನಂತರ, 49ನೆಯ ನಿಮಿಷದಲ್ಲಿ, ನಮ್ಮ ರಯಾನ್ ವಿಲಿಯಮ್ಸ್ ಅಡ್ಡಕ್ಕೆ ಒದ್ದ ಚೆಂಡನ್ನು ತಡೆಯಹೋಗಿ ಬಾಗಾನಿನ ಆಲ್ಬೆರ್ಟೊ ರೋಡ್ರಿಗೆಸ್ ತನ್ನದೇ ಗೋಲಿಗೆ ಸೇರಿಸಿಬಿಟ್ಟ. ಏಳನೆಯ ಅಂತಸ್ತು ಕುಣಿಯಿತು, ಎಂಟನೆಯದು ಸ್ತಬ್ಧವಾಯಿತು. 72ನೆಯ ನಿಮಿಷದಲ್ಲಿ ನಮ್ಮ ಗೋಲಿನ ಮುಂದಿನ ಚೌಕದೊಳಗೆ ಚೆಂಡು ಚಿಂಗ್ಲೆನ್ಸಾನಾ ಸಿಂಗ್ ಅವರ ಕೈಗೆ ತಗುಲಿತು. ಪೆನಲ್ಟಿ! ಜೇಸನ್ ಕಮಿಂಗ್ಸ್ ಒದ್ದ, ಒಂದಕ್ಕೊಂದು ಸಮವಾಯಿತು. ಹೆಚ್ಚುವರಿ ಆಟದ ಆರನೆಯ ನಿಮಿಷಕ್ಕೆ, ಎಂದರೆ ಒಟ್ಟು 96ನೆಯ ನಿಮಿಷದಲ್ಲಿ, ಜೇಮಿ ಮೆಕ್ಲಾರೆನ್ ಎರಡನೆಯ ಗೋಲು ಹೊಡೆದ. ಆಮೇಲೆ ನಾವು ನೋಡಿದ್ದು ಗಡಿಯಾರವನ್ನು ಮಾತ್ರ. ಕೊನೆಯ ಸೀಟಿ ಊದಿದಾಗ ಲೆಕ್ಕ 2-1. ನೆತ್ತಿಯ ಮೇಲಿನ ಸೂರು ಬಿದ್ದೇ ಬಿಡುತ್ತದೆಂದು ನಾವು ಹೆದರಿದೆವು.

ಯಾರೂ ಮಾತನಾಡಲಿಲ್ಲ. ಆತಿಥೇಯರು ಟೆಲಿವಿಷನ್ನಿನ ಸದ್ದು ತಗ್ಗಿಸಿದರು. ಅವರ ಶ್ರೀಮತಿಯವರು ಎದ್ದು, ‘ಊಟವಾದರೂ ಮಾಡಿ, ಪುಳಿಯೋಗರೆ ಏನು ತಪ್ಪು ಮಾಡಿದೆ?’ ಎಂದರು. ಆಗ ಮಾತು ಹೊರಟಿತು.

ಮೊದಲು ಬಾಯಿ ತೆರೆದವನು ಸೈಬರ್ ಸಿಟಿಯ ಕಚೇರಿಯೊಂದರಲ್ಲಿ ಕೆಲಸ ಮಾಡುವ ತರುಣ. ‘ಎಲ್ಲ ಆ ಸಾನಾನಿಂದ. ಕೈ ಎಲ್ಲಿಡಬೇಕು ಅಂತ ಗೊತ್ತಿಲ್ಲದವನಿಗೆ ಆಟ ಯಾಕೆ?’ ಎಂದು ಚಿಂಗ್ಲೆನ್ಸಾನಾರನ್ನು ಬೈಯತೊಡಗಿದ. ಇನ್ನಷ್ಟು ಕಟುವಾಗಿಯೂ ಏನೋ ಅಂದ. ಅದನ್ನು ಇಲ್ಲಿ ಬರೆಯುವುದು ಸಲ್ಲ, ಕುಟುಂಬದವರೆಲ್ಲ ಓದುವ ಪತ್ರಿಕೆಯಿದು. ಇನ್ನೊಬ್ಬರು ರೆಫ್ರಿಯ ಮೇಲೆ ಹರಿಹಾಯ್ದರು. ಮತ್ತೊಬ್ಬರು, ‘ತರಬೇತುದಾರ ಜರಗೋಸಾ ಮುಂಚೆಯೇ ಹೊಸ ಕಾಲುಗಳನ್ನು ಇಳಿಸಬೇಕಿತ್ತು’ ಎಂದರು. ನಾಲ್ಕನೆಯವರು ಕೈಚೆಲ್ಲಿ, ‘ಇದೆಲ್ಲ ಹಣೆಬರಹ. ಬಾಗಾನ್ ಎದುರಾದರೆ ನಮಗೆ ಶನಿಕಾಟ’ ಎಂದುಬಿಟ್ಟರು.

ಆಗ ನೋಟುಪುಸ್ತಕದ ಹುಡುಗಿ ತಲೆಯೆತ್ತಿದಳು. ‘ಮಾಮಾ, ಹಣೆಬರಹ ಅಂದರೆ ಲೆಕ್ಕಕ್ಕೆ ಸಿಗಬಾರದು ಅಲ್ವಾ? ಇದು ಸಿಗುತ್ತೆ. ನಾನು ಬರೆದಿಟ್ಟಿದೀನಿ’ ಎಂದಳು.

ಅವಳು ಓದಿ ಹೇಳಿದ್ದನ್ನು ನಾವು ಇಲ್ಲಿ ಕ್ರಮವಾಗಿ ಕೊಡುತ್ತೇವೆ.

2015ರ ಮೇ 31. ಐ-ಲೀಗಿನ ಕೊನೆಯ ಪಂದ್ಯ, ಕಂಠೀರವ ಕ್ರೀಡಾಂಗಣ, ಎದುರಾಳಿ ಇದೇ ಬಾಗಾನ್. ಪ್ರಶಸ್ತಿಗೆ ಬೆಂಗಳೂರು ಗೆಲ್ಲಲೇಬೇಕು, ಬಾಗಾನಿಗೆ ಸಮ ಸಾಕು. 41ನೆಯ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದು ನಾವು ಮುಂದಾದೆವು. 87ನೆಯ ನಿಮಿಷದಲ್ಲಿ ಒಂದು ಕಾರ್ನರ್; ಬೆಲ್ಲೊ ರಜಾಕ್ ತಲೆಯಿಂದ ಹೊಡೆದ. ಪ್ರಶಸ್ತಿ ಕಲ್ಕತ್ತೆಗೆ ಹೋಯಿತು.

2018ರ ಮಾರ್ಚ್ 17. ಸೂಪರ್ ಲೀಗಿನ ಅಂತಿಮ ಪಂದ್ಯ, ಅದೇ ಕಂಠೀರವ. ಎದುರಾಳಿ ಚೆನ್ನೈಯಿನ್. ಒಂಬತ್ತನೆಯ ನಿಮಿಷದಲ್ಲೇ ಛೇತ್ರಿ ಗೋಲು. ಆಮೇಲೆ 17ರಲ್ಲಿ ಒಂದು, 45ರಲ್ಲಿ ಒಂದು, ಎರಡು ಸಲವೂ ಕಾರ್ನರ್, ಎರಡು ಸಲವೂ ಮೈಲ್ಸನ್ ಆಲ್ವೆಸ್‌ನ ತಲೆ. ಕೊನೆಗೆ 3-2ರಿಂದ ಸೋಲು.

2023ರ ಮಾರ್ಚ್ 18. ಗೋವಾದ ಫತೋರ್ಡಾದಲ್ಲಿ ಅಂತಿಮ ಪಂದ್ಯ, ಮತ್ತೆ ಬಾಗಾನ್. 78ನೆಯ ನಿಮಿಷದಲ್ಲಿ ರಾಯ್ ಕೃಷ್ಣ ಹೊಡೆದ ಗೋಲಿನಿಂದ ನಾವು 2-1 ಮುಂದೆ. 85ರಲ್ಲಿ ಪೆನಲ್ಟಿ. ಬಾಗಾನಿನ ಎರಡು ಗೋಲುಗಳೂ ಪೆನಲ್ಟಿಯವೇ, ಎರಡನ್ನೂ ಒದ್ದವನು ಡಿಮಿಟ್ರಿ ಪೆಟ್ರಾಟೊಸ್. ಆಟ ಸಮವಾಗಿ, ಕೊನೆಗೆ ಸರದಿಯ ಒದೆತದಲ್ಲಿ 4-3ರಿಂದ ಸೋಲು.

‘ಇವತ್ತಿನದು ನಾಲ್ಕನೆಯದು. ನಾಲ್ಕೂ ಸಲ ಮುಂದೆ ಇದ್ದವರು ನಾವು. ನಾಲ್ಕೂ ಸಲ ನಮ್ಮ ಮುನ್ನಡೆ ಹೋದದ್ದು ಆಟ ನಿಲ್ಲಿಸಿ ಚೆಂಡನ್ನು ಒಂದು ಕಡೆ ಇಟ್ಟು ಒದೆಯುವಾಗ. ಒಂದೋ ಕಾರ್ನರ್, ಇಲ್ಲವೇ ಪೆನಲ್ಟಿ’ ಎಂದು ಹುಡುಗಿ ಪುಸ್ತಕ ಮುಚ್ಚಿದಳು. ಆಮೇಲೆ ಪ್ರಾಮಾಣಿಕಳಾಗಿ, ‘2016ರಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ಮಾತ್ರ ಈ ಲೆಕ್ಕಕ್ಕೆ ಬರಲ್ಲ. ಅಲ್ಲಿ ಇರಾಕಿನ ತಂಡ ನಡೆಯುವ ಆಟದಲ್ಲೇ ಗೋಲು ಹೊಡೆದು 1-0 ಗೆದ್ದಿತು’ ಎಂದು ಸೇರಿಸಿದಳು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹತ್ತು ವರ್ಷ ಸಂಕಟಪಟ್ಟ ನಮಗೆ ಹೊಳೆಯದ ಮಾತು ಹದಿಮೂರರ ಹುಡುಗಿಗೆ ಹೊಳೆದಿತ್ತು. ಹಾಗಾದರೆ ಕಾರಣವೇನು? ಅದನ್ನು ಬಿಡಿಸಿದವರು ಒರಗುಕುರ್ಚಿಯ ತಾತ.

‘ಇದರಲ್ಲಿ ಗುಟ್ಟೇನೂ ಇಲ್ಲ. ಒಂದು ಗೋಲು ಮುಂದಾದ ತಂಡ ಕೈಲಿದ್ದದ್ದನ್ನು ಉಳಿಸಿಕೊಳ್ಳೋಣ ಅಂತ ಹಿಂದೆ ಹಿಂದೆ ಸರಿಯುತ್ತೆ. ಹಿಂದೆ ಸರಿದಷ್ಟೂ ಚೆಂಡು ನಮ್ಮ ಗೋಲಿನ ಮುಂದೆಯೇ ಆಡುತ್ತೆ. ಅಲ್ಲಿ ಎಲ್ಲಿ ಒದ್ದು ಹೊರಗೆ ಹಾಕಿದರೂ ಕಾರ್ನರ್. ಎಲ್ಲಿ ಕೈ ತಗುಲಿದರೂ, ಕಾಲು ಅಡ್ಡ ಬಂದರೂ ಪೆನಲ್ಟಿ. ಅದೇ ತಪ್ಪು ಮಧ್ಯ ಮೈದಾನದಲ್ಲಿ ಆದರೆ ಯಾರು ಕೇಳುತ್ತಾರೆ? ದನ ಅಟ್ಟುವವನು ಹೊಲದ ಬೇಲಿಯ ಹತ್ತಿರ ನಿಂತು ಅಟ್ಟಬೇಕು. ಮನೆ ಜಗಲಿ ಮೇಲೆ ನಿಂತು ಹೋ ಅಂದರೆ ಪೈರು ಉಳಿಯುತ್ತದೆಯೇ?’

ಮಾತು ಸರಿಯೆನಿಸಿತು. ಪೆನಲ್ಟಿಯೆಂದರೆ ಹನ್ನೆರಡು ಗಜ ದೂರದಿಂದ, ಗೋಲಿಯೊಬ್ಬನನ್ನು ಬಿಟ್ಟು ಅಡ್ಡ ಯಾರೂ ಇಲ್ಲದ ಒದೆತ. ತಡೆಯುವುದಕ್ಕಿಂತ ಅದಕ್ಕೆ ಎಡೆಗೊಡದಿರುವುದೇ ಜಾಣತನ. ಕಾರ್ನರಿನಲ್ಲಾದರೋ, ಎದುರಾಳಿಯ ಎತ್ತರದ ಆಳುಗಳೆಲ್ಲ ನಿಧಾನವಾಗಿ ನಡೆದು ಬಂದು ನಮ್ಮ ಗೋಲಿನ ಮುಂದೆ ನಿಲ್ಲುತ್ತಾರೆ. ಯಾರು ಯಾರನ್ನು ಕಾಯಬೇಕೆಂಬುದು ಒಂದು ಕ್ಷಣ ತಪ್ಪಿದರೂ ಮುಗಿಯಿತು. ಎಪ್ಪತ್ತು ನಿಮಿಷ ಓಡಿದ ಕಾಲು ದಣಿಯುವ ಮುಂಚೆಯೇ ಗಮನ ದಣಿದಿರುತ್ತದೆ. ಇದರಲ್ಲಿ ನಮಗೆ ಬಂದ ಲಾಭವೂ ಉಂಟೆಂಬುದನ್ನು ಮರೆಯಬಾರದು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ತಂಡವನ್ನು ಸೋಲಿಸಿ ಬೆಂಗಳೂರು ಮೊದಲ ಸಲ ಸೂಪರ್ ಲೀಗು ಗೆದ್ದದ್ದು 117ನೆಯ ನಿಮಿಷದ ಒಂದು ಕಾರ್ನರಿನಿಂದ. ತಲೆ ಕೊಟ್ಟವರು ರಾಹುಲ್ ಭೇಕೆ. ಕೊಟ್ಟದ್ದೂ ಕಾರ್ನರೇ, ಕಿತ್ತುಕೊಂಡದ್ದೂ ಕಾರ್ನರೇ ಎಂದಮೇಲೆ ಶನಿಯ ಹೆಸರೇಕೆ?

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆ ವರ್ಷ ಬಾಗಾನ್ ನಮಗಿಂತ ಗಟ್ಟಿ ತಂಡವಾಗಿತ್ತು. ಲೀಗಿನ 24 ಪಂದ್ಯಗಳಲ್ಲಿ ಅವರದು 56 ಅಂಕ, ನಮ್ಮದು 38. ಲೀಗಿನ ಶೀಲ್ಡನ್ನು ಸತತ ಎರಡನೆಯ ವರ್ಷ ಗೆದ್ದುಕೊಂಡು ಬಂದವರು, ಮೇಲಾಗಿ ಅವರದೇ ಅಂಗಳ. ಅಂಥವರನ್ನು ತೊಂಬತ್ತು ನಿಮಿಷ ಸಮಸಮವಾಗಿ ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ರೆಫ್ರಿಯನ್ನು ಬೈದವರು ಇದನ್ನು ಕೇಳಿ ಸುಮ್ಮನಾದರು.

ತಾತನವರಿಗೆ ಹಳೆಯದು ನೆನಪಾಗಿತ್ತು. ‘ಪೆನಲ್ಟಿ ವಿಷಯ ನಮ್ಮ ಮನೇಲಿ ನಾನು ಹುಟ್ಟಿದಾಗಿನಿಂದ ಕೇಳಿದೀನಿ’ ಎಂದರು. 1948ರ ಜುಲೈ 31. ಲಂಡನ್ನಿನ ಇಲ್ಫರ್ಡ್ ಎಂಬಲ್ಲಿ, ಸ್ವತಂತ್ರ ಭಾರತದ ತಂಡ ಒಲಿಂಪಿಕ್ಸಿನಲ್ಲಿ ಆಡಿದ ಮೊದಲ ಕಾಲ್ಚೆಂಡಿನ ಪಂದ್ಯ. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ಮೊದಲು ಫ್ರಾನ್ಸ್ ಒಂದು ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ಸಮ ಮಾಡಿದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಆ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಲ್ಟಿ ದೊರೆತವು, ಎರಡೂ ತಪ್ಪಿದವು. 89ನೆಯ ನಿಮಿಷದಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು.

‘ದಂಡಿನಲ್ಲಿ ವರ್ಷಗಟ್ಟಲೆ ಅದೇ ಮಾತು. ಆ ಎರಡರಲ್ಲಿ ಒಂದು ಒಳಗೆ ಹೋಗಿದ್ದರೆ ಅಂತ. ಆದರೆ ಒಂದು ವಿಚಾರ ಗಮನಿಸಿ. ಪೆನಲ್ಟಿ ತಪ್ಪಿಸಿದವರಲ್ಲಿ ಒಬ್ಬರು ಶೈಲೇನ್ ಮನ್ನಾ. ಅದೇ ಮನ್ನಾ ಮುಂದೆ ಭಾರತದ ನಾಯಕರಾಗಿ 1951ರ ಏಷ್ಯನ್ ಕ್ರೀಡೆಯಲ್ಲಿ, ಇಲ್ಲೇ ದೆಹಲಿಯಲ್ಲಿ, ಚಿನ್ನ ಗೆದ್ದುಕೊಟ್ಟರು. ತಪ್ಪು ಮಾಡಿದವರನ್ನೆಲ್ಲ ಮನೆಗೆ ಕಳಿಸಿದ್ದರೆ ಆ ಚಿನ್ನ ಯಾರು ತರುತ್ತಿದ್ದರು?’

ಸೈಬರ್ ಸಿಟಿಯ ತರುಣ ತಲೆ ತಗ್ಗಿಸಿದನಾದರೂ ಪಟ್ಟು ಬಿಡಲಿಲ್ಲ. ‘ಅದು ಬೇರೆ ತಾತ. ಅವರು ನಮ್ಮವರು. ಇವರಲ್ಲಿ ಕನ್ನಡ ಬಲ್ಲವರು ಎಷ್ಟು ಜನ? ಒಬ್ಬ ಮಣಿಪುರದವನು, ಒಬ್ಬ ಆಸ್ಟ್ರೇಲಿಯದವನು. ಬಾಡಿಗೆ ಕಾಲುಗಳು! ಅವಕ್ಕಾಗಿ ನಾವು ಯಾಕೆ ಹೊಟ್ಟೆ ಉರಿಸಿಕೊಳ್ಳಬೇಕು?’ ಎಂದ.

ಇದು ಅಂದಿನ ರಾತ್ರಿಯ ಕಠಿಣವಾದ ಪ್ರಶ್ನೆ. ನಮ್ಮಲ್ಲಿ ಕೆಲವರ ಮನಸ್ಸಿನಲ್ಲಿಯೂ ಇದ್ದ ಪ್ರಶ್ನೆಯೆಂದು ಒಪ್ಪಿಕೊಳ್ಳಲು ನಮಗೆ ನಾಚಿಕೆಯಿಲ್ಲ. ಕನ್ನಡ ನೆಲದ ಹುಡುಗರೇ ಆಡುವ ತಂಡ ಬೇಕಾದರೆ ರಾಜ್ಯದ ತಂಡವಿದೆ. ಸಂತೋಷ್ ಟ್ರೋಫಿಯನ್ನು ಅಂದಿನ ಮೈಸೂರು ತಂಡ 1946-47ರಲ್ಲಿಯೂ 1952-53ರಲ್ಲಿಯೂ ಬಂಗಾಳವನ್ನೇ ಸೋಲಿಸಿ ಗೆದ್ದಿತ್ತು. ಆಮೇಲೆ 1967-68, 1968-69ರಲ್ಲಿ ಮತ್ತೆರಡು ಸಲ. ಅಲ್ಲಿಂದ ಐವತ್ತನಾಲ್ಕು ವರ್ಷ ಕಾದ ಮೇಲೆ, 2023ರ ಮಾರ್ಚ್ 4ರಂದು, ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮರಳಿ ಪಡೆಯಿತು. ಆ ರಾತ್ರಿ ನಾವು ಎಷ್ಟು ಜನ ಹೀಗೆ ಸೇರಿದ್ದೆವು? ಆತಿಥೇಯರು ಈ ಪ್ರಶ್ನೆ ಕೇಳಿದಾಗ ಯಾರೂ ಉತ್ತರಿಸಲಿಲ್ಲ. ಪಂದ್ಯವಿತ್ತೆಂಬುದೇ ನಮ್ಮಲ್ಲಿ ಅನೇಕರಿಗೆ ಮರುದಿನ ತಿಳಿದದ್ದು. ನಮ್ಮವರೆಂಬ ಅಭಿಮಾನ ಅಷ್ಟು ತೀವ್ರವಾಗಿದ್ದರೆ ಅಂದು ಎಲ್ಲಿ ಹೋಗಿತ್ತು?

ಆಗ ಆತಿಥೇಯರ ಶ್ರೀಮತಿಯವರು ಕಾಫಿಯ ಲೋಟಗಳನ್ನು ಇಡುತ್ತ ಒಂದು ಮಾತು ಹೇಳಿದರು. ‘ಅಲ್ಲಪ್ಪಾ, ಛೇತ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಶಾಲೆ ಓದಿದ್ದು ಇಲ್ಲೇ ದೆಹಲಿಯಲ್ಲಿ. ಮೊದಲು ಆಡಿದ್ದು ದೆಹಲಿಯ ಸಿಟಿ ಕ್ಲಬ್ಬಿಗೆ. 2013ರಲ್ಲಿ ತಂಡ ಹುಟ್ಟಿದಾಗ ಬೆಂಗಳೂರಿಗೆ ಹೋದವರು ಅಲ್ಲಿಯವರೇ ಆಗಿಬಿಟ್ಟರು. ನಾವು ಅಲ್ಲಿಂದ ಹೊರಟು ಬಂದು ಇಲ್ಲಿ ಮನೆ ಮಾಡಿದೀವಿ. ಅವರನ್ನು ಬೆಂಗಳೂರಿನವರಲ್ಲ ಅಂದರೆ, ಇಲ್ಲಿನವರು ನಮ್ಮನ್ನು ಗುರುಗ್ರಾಮದವರಲ್ಲ ಅಂದಾಗ ಏನು ಹೇಳುತ್ತೀ?’

ತರುಣನಿಗೆ ಮಾತು ಹೊರಡಲಿಲ್ಲ. ಮನೆ ಬಾಡಿಗೆಗೆ ಹುಡುಕುವಾಗ, ಮಕ್ಕಳನ್ನು ಶಾಲೆಗೆ ಸೇರಿಸುವಾಗ ‘ನೀವು ಎಲ್ಲಿಯವರು?’ ಎಂಬ ಪ್ರಶ್ನೆಯನ್ನು ಎದುರಿಸದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. (ಅಂದ ಹಾಗೆ, ಆಸ್ಟ್ರೇಲಿಯದ ಆ ರಯಾನ್ ವಿಲಿಯಮ್ಸ್ ಅದೇ ವರ್ಷದ ಕೊನೆಯಲ್ಲಿ ಭಾರತದ ಪೌರತ್ವ ಪಡೆದರು. ಈಗ ಅವರನ್ನು ಪರದೇಶಿಯೆಂದು ಬೈಯುವಂತೆಯೂ ಇಲ್ಲ!)

ಮಂಗಳೂರಿನ ಕಡೆಯ ಒಬ್ಬ ಅತ್ತಿಗೆಯವರು ಅಷ್ಟು ಹೊತ್ತೂ ಸುಮ್ಮನಿದ್ದರು. ಅವರು ಈಗ ಮೆಲ್ಲನೆ, ‘ಆ ಚಿಂಗ್ಲೆನ್ಸಾನಾನ ಮನೆ ಸುಟ್ಟುಹೋಗಿದೆ, ಗೊತ್ತುಂಟಾ ನಿಮಗೆ?’ ಎಂದರು.

ಗೊತ್ತಿರಲಿಲ್ಲ. ಅವರು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದರು. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಗಲಭೆ ಎದ್ದಾಗ ಅವರು ಆಗಿನ ತಮ್ಮ ತಂಡ ಹೈದರಾಬಾದಿನ ಪರವಾಗಿ ಕೇರಳದ ಕಲ್ಲಿಕೋಟೆಯಲ್ಲಿ ಆಡುತ್ತಿದ್ದರು. ಎದುರಾಳಿ, ಇದೇ ಬಾಗಾನ್. ಪಂದ್ಯ ಮುಗಿಸಿ ಬಂದು ನೋಡಿದರೆ ಊರಿನಿಂದ ಸುದ್ದಿ. ಚುರಾಚಾಂದ್‌ಪುರದ ಅವರ ಮನೆ ಬೆಂಕಿಗೆ ಆಹುತಿಯಾಯಿತು. ಊರ ಹುಡುಗರು ಆಡಲೆಂದು ಅವರು ಕಟ್ಟಿಸಿದ್ದ ಮೈದಾನವೂ ಸುಟ್ಟುಹೋಯಿತು. ತಂದೆತಾಯಿಗಳು ಜೀವ ಉಳಿಸಿಕೊಂಡದ್ದೇ ಪುಣ್ಯ. ಅಷ್ಟೆಲ್ಲ ಕಳೆದುಕೊಂಡ ಮನುಷ್ಯ ಮತ್ತೆ ಅಂಗಿ ತೊಟ್ಟು ಮೈದಾನಕ್ಕಿಳಿದು, ನಮ್ಮ ಊರಿನ ಹೆಸರನ್ನು ಎದೆಯ ಮೇಲೆ ಧರಿಸಿ, ಅಂತಿಮ ಪಂದ್ಯದವರೆಗೆ ತಂಡದ ಕಾವಲು ಕಾದಿದ್ದರು.

‘ಕೈ ಎಲ್ಲಿಡಬೇಕು ಅಂತ ಗೊತ್ತಿಲ್ಲ ಅಂದ್ಯಲ್ಲ ಮಾರಾಯಾ’ ಎಂದಷ್ಟೇ ಅತ್ತಿಗೆಯವರು ಹೇಳಿ ಕಾಫಿ ಕುಡಿದರು.

ತರುಣ ಎದ್ದು ಬಾಲ್ಕನಿಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಬಂದು, ‘ನಾನು ಹಾಗೆ ಅನ್ನಬಾರದಿತ್ತು’ ಎಂದ. ತಪ್ಪು ತಪ್ಪೇ. ಆ ಪೆನಲ್ಟಿಯಿಂದ ನಮ್ಮ ಮುನ್ನಡೆ ಹೋಯಿತೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ತಪ್ಪನ್ನು ಲೆಕ್ಕಹಾಕುವುದು ಬೇರೆ, ಮನುಷ್ಯನನ್ನು ತೂಗಿ ಎಸೆಯುವುದು ಬೇರೆ. ಈ ವ್ಯತ್ಯಾಸ ನಮಗೆ ಹೊಳೆಯಲು ಒಂದು ಸೋಲು ಬೇಕಾಯಿತು.

ಮೂರು ದಿನಗಳಾದ ಮೇಲೆ, ಏಪ್ರಿಲ್ 15ರಂದು, ಬಂಗಾಳಿಗಳ ಹೊಸ ವರ್ಷ. ಎಂಟನೆಯ ಅಂತಸ್ತಿನ ದಾದಾ ಒಂದು ಮಡಕೆ ರಸಗುಲ್ಲ ಹಿಡಿದು ಬಾಗಿಲಲ್ಲಿ ನಿಂತರು. ನಾವೂ ಆ ಹೊತ್ತಿಗೆ ಅಲ್ಲಿದ್ದೆವು. ಅಣಕಿಸಲು ಬಂದರೇನೋ ಎಂದುಕೊಂಡರೆ ಅವರು ಮೆಲುದನಿಯಲ್ಲಿ, ‘ನಮ್ಮ ತಂದೆ 1975ರಲ್ಲಿ ಎರಡು ದಿನ ಊಟ ಬಿಟ್ಟಿದ್ದರು’ ಎಂದರು. ಆ ವರ್ಷದ ಐಎಫ್‌ಎ ಶೀಲ್ಡ್ ಫೈನಲಿನಲ್ಲಿ ಬದ್ಧವೈರಿ ಈಸ್ಟ್ ಬೆಂಗಾಲ್ ತಂಡ ಮೋಹನ್ ಬಾಗಾನನ್ನು 5-0ಯಿಂದ ಸೋಲಿಸಿತ್ತು. ‘ಆ ಐದು ಗೋಲು ಐವತ್ತು ವರ್ಷವಾದರೂ ನಮ್ಮ ಮನೆಯಿಂದ ಹೊರಗೆ ಹೋಗಿಲ್ಲ. ನಿಮ್ಮದು ಬರೀ ಎರಡು. ರಸಗುಲ್ಲ ತಿನ್ನಿ’ ಎಂದರು. ಆತಿಥೇಯರು ಕಪಾಟಿನಿಂದ ಮೈಸೂರುಪಾಕಿನ ಡಬ್ಬಿ ತೆಗೆದು ಅವರ ಕೈಲಿಟ್ಟರು. ಗೆಲುವಿಗೆಂದು ತಂದ ಸಿಹಿ ಕೊನೆಗೆ ಗೆದ್ದವರಿಗೇ ಸಂದಿತು!

ಆ ವರ್ಷದ ಮುಂದಿನ ತಿಂಗಳುಗಳು ಈ ಸೋಲನ್ನು ಬೇರೆ ಬೆಳಕಿನಲ್ಲಿ ತೋರಿಸಿದವು. ಜೂನ್ 3ರಂದು ಬೆಂಗಳೂರಿನ ಕ್ರಿಕೆಟ್ ತಂಡ ಹದಿನೆಂಟು ವರ್ಷ ಕಾದು ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಕುಣಿಯಬೇಕಾದ ದಿನ ನಾವು ಊರಿಗೆ ಕರೆಮಾಡಿ ನಮ್ಮವರೆಲ್ಲ ಮನೆ ಸೇರಿದರೇ ಎಂದು ಕೇಳುತ್ತಿದ್ದೆವು. ಜುಲೈಯಲ್ಲಿ ಮತ್ತೊಂದು ಸುದ್ದಿ. ಸೂಪರ್ ಲೀಗು ನಡೆಸುವವರಿಗೂ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟಕ್ಕೂ ಇದ್ದ ಒಪ್ಪಂದದ ಅವಧಿ ಮುಗಿಯುತ್ತ ಬಂದು, ಹೊಸದು ಕೂಡಿಬರದೆ, ಮುಂದಿನ ವರ್ಷದ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ತಂಡದವರು ಆಟಗಾರರ ಸಂಬಳವನ್ನೇ ನಿಲ್ಲಿಸಬೇಕಾಯಿತು. ಎಂದಿನಂತೆ ಸೆಪ್ಟೆಂಬರಿನಲ್ಲಿ ಚೆಂಡು ಉರುಳಲಿಲ್ಲ. ಶನಿವಾರ ಬಂದರೂ ನೋಡಲು ಆಟವಿಲ್ಲದೆ, ಏಳನೆಯ ಅಂತಸ್ತೂ ಎಂಟನೆಯ ಅಂತಸ್ತೂ ಒಂದೇ ಸಮನೆ ಮೌನವಾಗಿದ್ದವು. ಸೋಲಿಗಿಂತ ದೊಡ್ಡ ನಷ್ಟವೊಂದುಂಟು, ಆಟವೇ ಇಲ್ಲದಿರುವುದು, ಎಂಬುದು ಆಗ ತಿಳಿಯಿತು. ಏಪ್ರಿಲಿನ ಆ ರಾತ್ರಿ, ಸೋತ ರಾತ್ರಿಯೇ, ನಮಗೆ ಮತ್ತೆ ಬೇಕೆನಿಸಿತು.

ಹಿರಿಯರ ಮಾತು ಹಾಗಿರಲಿ. ಹುಡುಗಿ ಮಾತ್ರ ಸುಮ್ಮನೆ ಕೂರಲಿಲ್ಲ. ಆ ಕಟ್ಟಡದ ಹಿಂದೆ ಒಂದು ಸಣ್ಣ ಹುಲ್ಲಿನ ಅಂಗಳವಿದೆ. ಸಂಜೆ ಬಿಸಿಲು ಇಳಿದ ಮೇಲೆ ಎಂಟನೆಯ ಅಂತಸ್ತಿನ ಬಂಗಾಳಿ ಹುಡುಗ ಮೂಲೆಯಲ್ಲಿ ಚೆಂಡಿಟ್ಟು ಒದೆಯುತ್ತಾನೆ. ಎರಡು ಜೊತೆ ಚಪ್ಪಲಿಗಳೇ ಗೋಲಿನ ಕಂಬ. ಅವುಗಳ ನಡುವೆ ಇವಳು ನಿಲ್ಲುತ್ತಾಳೆ. ಚೆಂಡು ಹಾರಿ ಬರುವ ಹೊತ್ತಿಗೆ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಎರಡು ಹೆಜ್ಜೆ ಮುಂದಕ್ಕೆ ಬಂದು, ಹಣೆಯಿಂದ ಹೊಡೆದು ಹೊರಗೆ ಕಳಿಸುತ್ತಾಳೆ. ಹಿಂದಕ್ಕೆ ಸರಿಯುವುದಿಲ್ಲ. ತಾತನವರು ಬೆಂಚಿನ ಮೇಲೆ ಕುಳಿತು, ‘ಬೇಲಿ ಹತ್ತಿರ ಮಗಳೇ, ಬೇಲಿ ಹತ್ತಿರ!’ ಎಂದು ಕೂಗುವುದನ್ನು ಹೋಗುತ್ತ ಬರುತ್ತ ನಾವು ಕೇಳಿದ್ದೇವೆ.

ಬೆಂಗಳೂರು ಮತ್ತೊಮ್ಮೆ ಅಂತಿಮ ಪಂದ್ಯ ತಲಪುವ ದಿನ ವಾಚಕರೆಲ್ಲರೂ ಸಕುಟುಂಬರಾಗಿ ಬರಬೇಕು. ಪುಳಿಯೋಗರೆಯ ಹೊಣೆ ನಮ್ಮದು, ಗೋಲಿನ ಹೊಣೆ ಅವರದು. ಎಂಟನೆಯ ಅಂತಸ್ತಿನವರನ್ನೂ ಈ ಸಲ ಕೆಳಗೇ ಕರೆಯುವುದೆಂದು ನಿಶ್ಚಯವಾಗಿದೆ.